ಅಣ್ಣನ ಬೋರ್ಡಿನ ಬಿಳಿ ಚುಕ್ಕೆ

ನನ್ನ ಕೆಲಸ ಏನು ಅಂತ ನಮ್ಮ ಆಯಿಗೆ ಅರ್ಥ ಮಾಡಿಸಲು ನಾಲ್ಕು ವರ್ಷ ಹಿಡಿಯಿತು. ಮೊದಲ ಸಲ ಥರ್ಮಲ್ ಕ್ಯಾಮೆರಾ ಮನೆಗೆ ತಂದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೊರೊನಾ ಟೈಮಲ್ಲಿ ಹಣೆಗೆ ಹಿಡೀತಿದ್ದ ಮಷಿನ್ ಅಲ್ದಾ?" ಅಂದಿದ್ದಳು. ಅದರ ಅಣ್ಣ ಅಂತ ತಿಳ್ಕೋ, ಅಂದೆ. "ಹಂಗಾರೆ ಗೌರಿಗೆ ಜ್ವರ ಇದ್ದಾ ನೋಡು" ಅಂತ ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಗೌರಿ ನಮ್ಮ ಹಸು. ಪರದೆಯ ಮೇಲೆ ಹಸುವಿನ ಮೈ ಕಿತ್ತಳೆ ಬಣ್ಣದಲ್ಲಿ, ಒದ್ದೆ ಮೂಗು ನೀಲಿಯಾಗಿ, ಒಲೆಯ ಬುಡದಲ್ಲಿ ಮಲಗಿ ಬಂದ ಬೆಕ್ಕು ಒಂದು ಬೆಂಕಿಯುಂಡೆಯ ಹಾಗೆ ಕಂಡಿತು. ಆಯಿಗೆ ಭಾರೀ ಖುಷಿ. ಇದಕ್ಕೆ ಸಂಬಳ ಕೊಡ್ತಾರಾ ಅಂತ ಮಾತ್ರ ಎರಡು ಸಲ ಕೇಳಿದಳು.

ಕೊಡ್ತಾರೆ. ಕಾರ್ಖಾನೆ, ಆಸ್ಪತ್ರೆ, ಐಟಿ ಪಾರ್ಕ್, ಸಬ್‌ಸ್ಟೇಷನ್ ಎಲ್ಲ ಕಡೆ ಕರೆಂಟ್ ಹರಿಯುತ್ತಿರುವಾಗಲೇ ಪ್ಯಾನೆಲ್‌ಗಳ ಮುಂದೆ ನಿಂತು, ಯಾವ ಜಾಯಿಂಟ್ ಬಿಸಿಯಾಗಿದೆ ಅಂತ ನೋಡಿ ವರದಿ ಬರೆಯುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ಈಗ ಬೆಂಗಳೂರಿನಲ್ಲಿ ಒಂದು ಟೆಸ್ಟಿಂಗ್ ಕಂಪನಿಯಲ್ಲಿದ್ದೇನೆ. ಊರು ಜೊಯಿಡಾ ತಾಲೂಕು, ಗುಂದದ ಕಡೆ. ಅಡಿಕೆ ತೋಟ, ಹಂಚಿನ ಮನೆ, ಸುತ್ತ ಕಾಡು.

ಜೊಯಿಡಾ ಅಂದರೆ ಬೆಂಗಳೂರಿನ ಗೆಳೆಯರಿಗೆ "ದಾಂಡೇಲಿ ಪಕ್ಕ, ರಾಫ್ಟಿಂಗ್" ಅಷ್ಟೇ. ನಾನು ಅವರಿಗೆ ಹೇಳುವುದೇ ಬೇರೆ: ನಿಮ್ಮ ಲಿಫ್ಟ್ ಓಡುವ ಕರೆಂಟಿನಲ್ಲಿ ನಮ್ಮ ತಾಲೂಕಿನ ಪಾಲಿದೆ. ಕಾಳಿ ನದಿ ಹುಟ್ಟುವುದು ನಮ್ಮ ದಿಗ್ಗಿಯಲ್ಲಿ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಅದರ ಬುಡದಲ್ಲೇ 100 ಮೆಗಾವ್ಯಾಟಿನ ವಿದ್ಯುದಾಗಾರ. ಅಲ್ಲಿಂದ ಬಿಟ್ಟ ನೀರು ನಾಗಝರಿ, ಕೊಡಸಳ್ಳಿ, ಕದ್ರಾ ಅಂತ ಇನ್ನೂ ಮೂರು ಕಡೆ ಟರ್ಬೈನ್ ತಿರುಗಿಸಿ ಆಮೇಲೆ ಸಮುದ್ರ ಸೇರುತ್ತದೆ. ಆ ಹಿನ್ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. ತಾಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದವು. ಹಳೆಯವರು ಈಗಲೂ ನಮ್ಮದನ್ನು ಸೂಪಾ ತಾಲೂಕು ಅಂತಲೇ ಹೇಳುತ್ತಾರೆ. ಇಷ್ಟೆಲ್ಲ ಕೊಟ್ಟ ತಾಲೂಕಿನಲ್ಲಿ ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಇದನ್ನು ಇಲ್ಲಿಗೆ ಬಿಡುತ್ತೇನೆ, ಶುರು ಮಾಡಿದರೆ ಅಂಕಣ ಪೂರ್ತಿ ಅದೇ ಆಗುತ್ತದೆ.

ಎರಡು ವರ್ಷದ ಹಿಂದೆ ಚೌತಿಗೆ ಊರಿಗೆ ಹೋದಾಗ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಹಬ್ಬದ ಹಿಂದಿನ ವಾರ ಹುಬ್ಬಳ್ಳಿಯಲ್ಲಿ ಒಂದು ಆಡಿಟ್ ಮುಗಿಸಿ ನೇರ ಬಸ್ಸು ಹತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ತೋಟವನ್ನು ಅಣ್ಣನೇ ನೋಡಿಕೊಳ್ಳುತ್ತಾನೆ. ಅಡಿಕೆಯೊಂದರಲ್ಲೇ ಸಾಲದು ಅಂತ ಸೊಸೈಟಿಯಲ್ಲಿ ಸಾಲ ಮಾಡಿ, ಮನೆಯ ಪಕ್ಕ ನಾಲ್ಕು ಕೋಣೆ ಕಟ್ಟಿಸಿ ಹೋಮ್‌ಸ್ಟೇ ಶುರು ಮಾಡಿದ್ದ. ನಾಲ್ಕು ಬಾತ್‌ರೂಮಿಗೆ ನಾಲ್ಕು ಗೀಸರ್. ಚೌತಿ ಸಂಜೆ ಎರಡು ಕಾರು ತುಂಬಾ ಜನ ಬಂದಿದ್ದರು, ಜಿಗಣೆ ಕಚ್ಚಿಸಿಕೊಂಡು, ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ. ಎಲ್ಲರೂ ಒಟ್ಟಿಗೇ ಗೀಸರ್ ಹಾಕಿದರು.

ನಾನು ಜಗುಲಿಯಲ್ಲಿ ಕೂತು ಚಕ್ಕುಲಿ ತಿನ್ನುತ್ತಿದ್ದೆ. ಅತ್ತಿಗೆಯ ಮಗ, ಆರು ವರ್ಷದವನು, ಕ್ಯಾಮೆರಾ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದ. ಹಲ್ಲಿ ನೀಲಿ, ಅಜ್ಜಿ ಹಳದಿ, ಗಣಪತಿ ಮುಂದಿನ ದೀಪ ಬಿಳಿ. ಹೀಗೆ ಕೂಗಿ ಹೇಳುತ್ತಾ ಹೋದವನು ಒಳಗಿನಿಂದ, "ಅತ್ತೆ, ಇಲ್ಲೊಂದು ದೀಪ ಇದ್ದು, ಆದ್ರೆ ದೀಪ ಇಲ್ಲೆ" ಅಂದ.

ಅದು ಮೇನ್ ಬೋರ್ಡ್.

ನಮ್ಮ ಮನೆಗೆ ಕರೆಂಟ್ ಬಂದ ಕಾಲದಲ್ಲಿ ಅಪ್ಪ ಸಾಗವಾನಿ ಹಲಗೆಯೊಂದನ್ನು ತಾನೇ ಕೂತು ಹೆರೆದು, ಪಾಲಿಶ್ ಹಾಕಿ ಮಾಡಿದ ಬೋರ್ಡು ಅದು. ಅದರ ಮೇಲೆ ಮೀಟರು, ಕಬ್ಬಿಣದ ಮೇನ್ ಸ್ವಿಚ್ಚು, ಪಕ್ಕದಲ್ಲಿ ಬಿಳಿ ಪಿಂಗಾಣಿಯ ಸಣ್ಣ ಡಬ್ಬಿ, ಅಂದರೆ ನ್ಯೂಟ್ರಲ್ ಲಿಂಕ್. ಹೋಮ್‌ಸ್ಟೇ ಮಾಡುವಾಗ ಅಣ್ಣ ತ್ರೀ ಫೇಸ್ ತೆಗೆದುಕೊಂಡಿದ್ದ, ಸ್ವಿಚ್ಚು ಬದಲಾಗಿತ್ತು. ಆದರೆ ಹಲಗೆಯೂ ಆ ಪಿಂಗಾಣಿ ಡಬ್ಬಿಯೂ ಹಳೆಯವೇ ಉಳಿದಿದ್ದವು. ಮೇಲೆ ಮರದ ಅಟ್ಟ. ಅಟ್ಟದ ಮೇಲೆ ಗೋಣಿಚೀಲ, ಒಣಗಿದ ಅಡಿಕೆ ಹಾಳೆ.

ಕ್ಯಾಮೆರಾ ಕೈಗೆ ತೆಗೆದುಕೊಂಡು ನೋಡಿದೆ. ಪಿಂಗಾಣಿ ಮುಚ್ಚಳದ ಮೇಲೆ 68 ಡಿಗ್ರಿ. ಅದರೊಳಗೆ ಹೋಗುವ ವೈರಿನ ಬುಡದಲ್ಲಿ 83. ಹೊರಗೆ ಮಳೆ, ಗೋಡೆ 24.

ಇಲ್ಲಿ ಸ್ವಲ್ಪ ಪಾಠ ಹೇಳಲೇಬೇಕು, ಕ್ಷಮಿಸಿ. ಯಾವ ವಸ್ತುವೇ ಆಗಲಿ, ಅದರ ಬಿಸಿಗೆ ತಕ್ಕಂತೆ ಕಣ್ಣಿಗೆ ಕಾಣದ ಬೆಳಕೊಂದನ್ನು ಸೂಸುತ್ತಲೇ ಇರುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡುವಾಗ, ಕೆಂಪಿನ ಆಚೆ, ಯಾವ ಬಣ್ಣವೂ ಇಲ್ಲದ ಜಾಗದಲ್ಲಿ ಪಾದರಸ ಏರಿದ್ದನ್ನು ಕಂಡ. ಅದೇ ಇನ್‌ಫ್ರಾರೆಡ್, ಅವಕೆಂಪು ಕಿರಣ. ಅದನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾವನ್ನು ವಿದ್ಯುತ್ ಲೈನುಗಳ ತಪಾಸಣೆಗೆ ಅಂತಲೇ ಸ್ವೀಡನ್ನಿನವರು 1965ರಲ್ಲಿ ಮಾರುಕಟ್ಟೆಗೆ ತಂದರು. ಆ ಕಾಲದವನ್ನು ದ್ರವ ಸಾರಜನಕ ಹಾಕಿ ತಂಪು ಮಾಡಬೇಕಿತ್ತು. ಈಗ ಫೋನಿಗೆ ಸಿಕ್ಕಿಸುವಷ್ಟು ಚಿಕ್ಕವು ಬಂದಿವೆ.

ಬಿಸಿ ಯಾಕೆ ಆಗುತ್ತದೆ? ಸ್ಕ್ರೂ ಸಡಿಲಾದಾಗ, ಅಥವಾ ಅಲ್ಯೂಮಿನಿಯಂ ತಂತಿಯ ಮೇಲೆ ತುಕ್ಕಿನಂಥ ಪದರ ಕೂತಾಗ, ಕರೆಂಟು ದಾಟಿಹೋಗುವ ದಾರಿ ಇಕ್ಕಟ್ಟಾಗುತ್ತದೆ. ಅಲ್ಲಿ ಶಾಖ ಹುಟ್ಟುತ್ತದೆ. ಶಾಖಕ್ಕೆ ಲೋಹ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ, ಸ್ಕ್ರೂ ಇನ್ನಷ್ಟು ಸಡಿಲ. ಇದು ತಾನಾಗಿ ಸರಿಹೋಗುವ ಕಾಯಿಲೆ ಅಲ್ಲ. ಲೆಕ್ಕ ನೋಡಿ. ಎರಡು ಕಿಲೋವ್ಯಾಟಿನ ನಾಲ್ಕು ಗೀಸರ್ ಸೇರಿದರೆ ಸುಮಾರು 35 ಆಂಪಿಯರ್. ಜಾಯಿಂಟಿನಲ್ಲಿ ಬರೀ 20 ಮಿಲಿಓಮ್ ತಡೆ ಇದೆ ಅಂದುಕೊಳ್ಳಿ. 35ರ ವರ್ಗ ಗುಣಿಸು 0.02, ಅಂದರೆ 25 ವ್ಯಾಟಿನ ಹತ್ತಿರ. ರೇಡಿಯೋ ರಿಪೇರಿಯವನ ಸಾಲ್ಡರಿಂಗ್ ಐರನ್ ಇರುತ್ತಲ್ಲ, ಅದನ್ನು ಹೊತ್ತಿಸಿ ಪಿಂಗಾಣಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದ ಹಾಗೆ. ಮಜಾ ಅಂದರೆ, ಅಲ್ಲಿ ನಷ್ಟವಾಗುವ ವೋಲ್ಟೇಜ್ ಒಂದು ವೋಲ್ಟೂ ಇಲ್ಲ. ಬಲ್ಬಿಗೆ ಗೊತ್ತಾಗುವುದಿಲ್ಲ. ಎಂಸಿಬಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಅದು ನೋಡುವುದು ಕರೆಂಟು ಜಾಸ್ತಿಯಾಯಿತಾ ಅಂತ, ಜಾಯಿಂಟು ಬಿಸಿಯಾಯಿತಾ ಅಂತ ಅಲ್ಲ. ಇಲ್ಲಿ ಕರೆಂಟು ಸರಿಯಾಗೇ ಇತ್ತು. "ಎಂಸಿಬಿ ಹಾಕ್ಸಿದ್ದೀವಲ್ಲ" ಅಂತ ನಿಶ್ಚಿಂತೆಯಿಂದ ಇರುವವರಿಗೆ ನಾನು ಹೇಳುವುದು ಇದನ್ನೇ.

ಅಣ್ಣನನ್ನು ಕರೆದು ತೋರಿಸಿದೆ. ಅವನು ಜೇಬಿನಿಂದ ಟೆಸ್ಟರ್ ತೆಗೆದು ವೈರಿನ ಬುಡಕ್ಕೆ ಮುಟ್ಟಿಸಲು ಹೋದ. ಕೈ ಹಿಡಿದೆ.

"ಅದು ನ್ಯೂಟ್ರಲ್ ಮಾರಾಯ್ತಿ. ಟೆಸ್ಟರ್ ಹೊತ್ತೂದೇ ಇಲ್ಲೆ. ಅದರಲ್ಲಿ ಎಂತ ಕರೆಂಟ್ ಇರ್ತು?"

ಬಹಳ ಜನರ ನಂಬಿಕೆ ಇದು. ಟೆಸ್ಟರ್ ತೋರಿಸುವುದು ವೋಲ್ಟೇಜನ್ನು. ಫೇಸಿನಿಂದ ಒಳಗೆ ಬಂದ ಕರೆಂಟು ವಾಪಸ್ ಹೋಗುವುದೇ ನ್ಯೂಟ್ರಲ್‌ನಿಂದ. ತ್ರೀ ಫೇಸಿನಲ್ಲಿ ಲೋಡನ್ನು ಮೂರಕ್ಕೂ ಸಮ ಹಂಚಿದರೆ ನ್ಯೂಟ್ರಲ್ ಹಗುರಾಗಿರುತ್ತದೆ, ನಿಜ. ಆದರೆ ನಮ್ಮ ಕಡೆ ಏನಾಗುತ್ತದೆ ಗೊತ್ತಲ್ಲ, ಮಳೆಗಾಲದಲ್ಲಿ ಒಂದು ಫೇಸ್ ಇರುವುದಿಲ್ಲ, ಇನ್ನೊಂದು ಡಿಮ್ಮು. ಹಾಗಾಗಿ ಎಲ್ಲರ ಮನೆಯಲ್ಲೂ ಫೇಸ್ ಚೇಂಜ್ ಸ್ವಿಚ್. ಯಾವುದು ಚೆನ್ನಾಗಿದೆಯೋ ಅದಕ್ಕೆ ತಿರುಗಿಸುವುದು. ಆ ಸಂಜೆ ನಾಲ್ಕೂ ಗೀಸರ್ ಒಂದೇ ಫೇಸಿನ ಮೇಲಿದ್ದವು. ಆ ಫೇಸಿನಲ್ಲಿ ಎಷ್ಟು ಕರೆಂಟೋ ಹೆಚ್ಚುಕಡಿಮೆ ಅಷ್ಟೇ ನ್ಯೂಟ್ರಲ್‌ನಲ್ಲಿ. ಫೇಸಿನ ವೈರು 36 ಡಿಗ್ರಿ, ನ್ಯೂಟ್ರಲ್ ವೈರು 83. ಒಂದೇ ದಪ್ಪದ ವೈರು, ಒಂದೇ ಕರೆಂಟು. ನಮ್ಮ ಕೆಲಸದಲ್ಲಿ ಇಂಥ ಹೋಲಿಕೆಗೇ ಬೆಲೆ. ಒಂದೇ ಥರದ, ಒಂದೇ ಲೋಡಿನ ಎರಡು ಜಾಯಿಂಟುಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ‘ತಕ್ಷಣ ಸರಿಪಡಿಸಿ’ ಅಂತ ಬರೆಯಬೇಕು ಅನ್ನುವುದು ನಾವು ಬಳಸುವ ಅಂತರರಾಷ್ಟ್ರೀಯ ಪಟ್ಟಿಯ ಮಾತು. ಇಲ್ಲಿ 47. ಸಾಮಾನ್ಯ ಪಿವಿಸಿ ವೈರಿನ ಹೊದಿಕೆ ತಡೆಯುವುದೇ 70 ಡಿಗ್ರಿಯವರೆಗೆ. ಕ್ಯಾಮೆರಾ ನೋಡುವುದು ಹೊರಮೈಯನ್ನು ಮಾತ್ರ, ಒಳಗಿನ ಸ್ಕ್ರೂ ಎಷ್ಟಿತ್ತೋ.

"ನಾಡಿದ್ದು ಇನ್ನೆರಡು ಫ್ಯಾಮಿಲಿ ಬತ್ತ. ಅಡ್ವಾನ್ಸ್ ತಗೊಂಡಾಯ್ದು. ಹಬ್ಬದಲ್ಲಿ ಯಾವ ಎಲೆಕ್ಟ್ರಿಷಿಯನ್ ಬತ್ತ? ಹಬ್ಬ ಮುಗೀಲಿ, ನೋಡನ" ಅಂದ ಅಣ್ಣ.

ಹಬ್ಬ ಮುಗೀಲಿ. ಈ ಮಾತನ್ನು ನಾನು ಮೊದಲೂ ಕೇಳಿದ್ದೆ, ಬೇರೆ ಬಾಯಲ್ಲಿ.

ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು. ಒಂದು ಕಾರ್ಖಾನೆ, ಊರು ಹೆಸರು ಬೇಡ. ಅಷ್ಟರಲ್ಲಿ ನನಗೆ ಸ್ವಲ್ಪ ಆತ್ಮವಿಶ್ವಾಸ ಬಂದಿತ್ತು. ಮೊದಲ ವರ್ಷ ಮಾತ್ರ ನಗೆಪಾಟಲು. ಹೊಳೆಯುವ ತಾಮ್ರದ ಬಸ್‌ಬಾರಿನ ಮೇಲೆ ಹಾಟ್‌ಸ್ಪಾಟ್ ಕಂಡು ಹಿಡಿದೆ ಅಂತ ಸೀನಿಯರ್‌ನನ್ನು ಓಡಿಸಿಕೊಂಡು ಬಂದಿದ್ದೆ. ಅವರು "ಎರಡು ಹೆಜ್ಜೆ ಪಕ್ಕಕ್ಕೆ ಹೋಗು" ಅಂದರು. ಹೋದೆ. ಹಾಟ್‌ಸ್ಪಾಟೂ ನನ್ನ ಜೊತೆ ಬಂತು. ಅದು ನನ್ನದೇ ಮೈಶಾಖದ ಪ್ರತಿಬಿಂಬ! ಹೊಳೆಯುವ ಲೋಹ ಅವಕೆಂಪಿಗೆ ಕನ್ನಡಿ ಇದ್ದ ಹಾಗೆ, ತನ್ನ ಬಿಸಿಯನ್ನು ಮುಚ್ಚಿಟ್ಟುಕೊಂಡು ಎದುರಿನವರದನ್ನು ತೋರಿಸುತ್ತದೆ. ಅದಕ್ಕೇ ಶಟ್‌ಡೌನ್ ಸಿಕ್ಕಾಗ ಅಂಥ ಜಾಗಗಳಿಗೆ ಕಪ್ಪು ಇನ್ಸುಲೇಶನ್ ಟೇಪಿನ ಚೂರು ಅಂಟಿಸಿ, ಆಮೇಲೆ ಆ ಟೇಪಿನ ಬಿಸಿ ಅಳೆಯುತ್ತೇವೆ. ಗಾಜಿನಾಚೆ ಇದಕ್ಕೆ ಕಾಣುವುದಿಲ್ಲ, ಪ್ಯಾನೆಲ್ ಬಾಗಿಲಿನ ತಗಡಿನಾಚೆಯಂತೂ ಇಲ್ಲವೇ ಇಲ್ಲ. ಬಯಲಿನ ಸಬ್‌ಸ್ಟೇಷನ್ನಿನಲ್ಲಿ ಬಿಸಿಲು ಮೋಸ ಮಾಡುತ್ತದೆ, ಗಾಳಿ ಬೀಸಿದರೆ ಬಿಸಿ ಜಾಯಿಂಟೂ ತಣ್ಣಗಿದ್ದಂತೆ ನಟಿಸುತ್ತದೆ. ಲೋಡ್ ಇಲ್ಲದ ಭಾನುವಾರ ಬಂದು ನೋಡಿ ಎಲ್ಲ ಚೆನ್ನಾಗಿದೆ ಅಂತ ಬರೆದು ಕೊಡುವವರೂ ಇದ್ದಾರೆ. ಅಂಥ ವರದಿಗಿಂತ ವರದಿಯೇ ಇಲ್ಲದಿರುವುದು ವಾಸಿ ಅಂತ ನನ್ನ ಅಭಿಪ್ರಾಯ.

ಆ ಕಾರ್ಖಾನೆಯಲ್ಲಿ ಇಂಥ ಅನುಮಾನ ಯಾವುದೂ ಇರಲಿಲ್ಲ. ಲೋಡ್ ಶೇಕಡ 70ರಷ್ಟಿತ್ತು. ಒಂದು ಫೀಡರಿನ ಕೇಬಲ್ ಲಗ್ಗುಗಳು ಆರ್ ಫೇಸಿನಲ್ಲಿ 54, ವೈ ಫೇಸಿನಲ್ಲಿ 56, ಬಿ ಫೇಸಿನಲ್ಲಿ 112 ಡಿಗ್ರಿ. ಟೇಪ್ ಸುತ್ತಿದ ಲಗ್ಗುಗಳೇ, ಪ್ರತಿಬಿಂಬವಲ್ಲ. ಪ್ಯಾನೆಲ್ ಬಾಗಿಲು ತೆಗೆದುಕೊಟ್ಟವರು ಅಲ್ಲಿನ ಹಳೆಯ ಎಲೆಕ್ಟ್ರಿಷಿಯನ್, ಐವತ್ತು ದಾಟಿದವರು. ಪರದೆ ನೋಡಿ, "ಇದು ಉಳಿಯೂದಿಲ್ಲ ಬಿಡ್ರಿ ಮೇಡಂ" ಅಂದರು.

‘ತಕ್ಷಣ’ ಅಂತ ಬರೆದೆ. ಸಂಜೆ ಪ್ಲಾಂಟಿನ ಸಾಹೇಬರು ಕರೆದರು. "ಮೇಡಂ, ತಿಂಗಳ ಕೊನೆ, ಡಿಸ್ಪ್ಯಾಚ್ ಇದೆ. ಈಗ ನಿಲ್ಲಿಸೋಕಾಗಲ್ಲ. ನೀವು ತಕ್ಷಣ ಅಂತ ಬರೆದು ನಾವು ನಿಲ್ಲಿಸದಿದ್ರೆ ಮೇಲಿನವರಿಗೆ ನಾನು ಉತ್ತರ ಕೊಡಬೇಕು. ‘ಮುಂದಿನ ಶಟ್‌ಡೌನ್‌ನಲ್ಲಿ’ ಅಂತ ಮಾಡಿ. ಒಂದು ಶಬ್ದ ಅಷ್ಟೇ ಅಲ್ವಾ?" ನನ್ನ ಸೀನಿಯರ್ ಕಡೆ ನೋಡಿದೆ. ಅವರು ಲ್ಯಾಪ್‌ಟಾಪ್ ನೋಡುತ್ತಾ, "ಕ್ಲೈಂಟು ಅವರು. ಮಾಡಿಕೊಡು" ಅಂದರು.

ಮಾಡಿಕೊಟ್ಟೆ. ಸಹಿ ನನ್ನದು.

ಹದಿನೇಳು ದಿನಕ್ಕೆ ಆ ಲಗ್ಗು ಕಡಿದುಹೋಗಿ ಪ್ಯಾನೆಲ್ ಒಳಗೆ ಫ್ಲ್ಯಾಶ್ ಆಯಿತು. ಬಾಗಿಲ ಹತ್ತಿರ ಇದ್ದವರು ಅದೇ ಎಲೆಕ್ಟ್ರಿಷಿಯನ್. ಎರಡೂ ಕೈ ಸುಟ್ಟವು. ನಾಲ್ಕು ದಿನ ಕೆಲಸ ನಿಂತಿತು, ಯಾವ ಡಿಸ್ಪ್ಯಾಚ್ ಉಳಿಸಲು ಹೊರಟಿದ್ದರೋ ಅದೂ ನಿಂತಿತು.

ಯಾರೂ ನನ್ನನ್ನು ಬೈಯಲಿಲ್ಲ. ನಮ್ಮ ಆಫೀಸಿನಲ್ಲಿ ಸಮಾಧಾನದ ಉಸಿರು ಬಿಟ್ಟರು: ವರದಿಯಲ್ಲಿ ಹೇಳಿದ್ದೆವಲ್ಲ, ಫೋಟೋ ಇದೆಯಲ್ಲ, ನಮ್ಮ ತಪ್ಪಿಲ್ಲ. ಕಾಗದದ ಪ್ರಕಾರ ಅದು ಸರಿಯೇ. ಅವತ್ತು ರಾತ್ರಿ ಪಿಜಿ ರೂಮಿನಲ್ಲಿ ಆ ವರದಿಯ ಎರಡೂ ಪ್ರತಿ ತೆರೆದು ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೆ. ವ್ಯತ್ಯಾಸ ನಿಜವಾಗಿಯೂ ಅಷ್ಟೇ ಇತ್ತು, ಒಂದೆರಡು ಶಬ್ದ. ಆಸ್ಪತ್ರೆಗೆ ಹೋಗಿ ನೋಡಿ ಬರಬೇಕು ಅಂದುಕೊಂಡೆ. ಹೋಗಲಿಲ್ಲ. ಏನಂತ ಹೇಳುವುದು?

ದೊಡ್ಡ ದೊಡ್ಡ ಕಡೆಯೇ ಬೆಂಕಿ ಬಿದ್ದಿದೆ. 2016ರ ಫೆಬ್ರವರಿಯಲ್ಲಿ ನಮ್ಮ ಶರಾವತಿ ವಿದ್ಯುದಾಗಾರಕ್ಕೆ ಬೆಂಕಿ ಬಿದ್ದು ಹತ್ತೂ ಘಟಕ, 1035 ಮೆಗಾವ್ಯಾಟ್, ನಿಂತಿತ್ತು. 2020ರ ಆಗಸ್ಟ್ 20ರ ರಾತ್ರಿ ಶ್ರೀಶೈಲಂ ಎಡದಂಡೆಯ ಭೂಗತ ವಿದ್ಯುದಾಗಾರದಲ್ಲಿ ಬೆಂಕಿಗೆ ಸಿಕ್ಕಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಅಲ್ಲೆಲ್ಲ ಒಂದು ಕ್ಯಾಮೆರಾ ಇದ್ದಿದ್ದರೆ ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ, ಅಂಥ ಮಾತು ಸುಲಭ. ಎಲ್ಲ ಬೆಂಕಿಯೂ ಮೊದಲು ಬಿಸಿಯಾಗಿ ಸೂಚನೆ ಕೊಟ್ಟು ಬರುವುದಿಲ್ಲ. ನನ್ನ ಕಣ್ಣೆದುರು ಇದ್ದದ್ದು ಮಾತ್ರ ಸೂಚನೆ ಕೊಟ್ಟಿತ್ತು.

ಹಾಗಾಗಿ ಚೌತಿಯ ಸಂಜೆ ಅಣ್ಣ "ಹಬ್ಬ ಮುಗೀಲಿ" ಅಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಜೋರು ಮಾತಾಯಿತು. ಅವನೂ ಬಿಡಲಿಲ್ಲ.

"ಬಣ್ಣ ನಿನ್ನ ಮಷಿನ್ ಹಾಕೂದು. ಅದೇ ಕೆಂಪು, ಅದೇ ಬಿಳಿ. ಹೆದರ್ಸೂಕೆ ಚೆಂದ ಮಾಡಿದ್ದ."

ಈ ಮಾತಿನಲ್ಲಿ ಅವನು ಪೂರ್ತಿ ತಪ್ಪಲ್ಲ. ಬಣ್ಣಗಳು ಕ್ಯಾಮೆರಾ ಹಾಕಿಕೊಳ್ಳುವ ವೇಷ. ಅಳತೆಯ ಪಟ್ಟಿ ಬದಲಿಸಿದರೆ ತಣ್ಣಗಿನ ಗೋಡೆಯನ್ನೂ ಬೆಂಕಿಯ ಹಾಗೆ ತೋರಿಸಬಹುದು. ಅವನೆದುರೇ ಬದಲಿಸಿ ತೋರಿಸಿದೆ. ಮೊದಲು ಇಡೀ ಗೋಡೆ ಕೆಂಪಾಯಿತು, ಆಮೇಲೆ ಎಲ್ಲ ಬೂದು ಬಣ್ಣ ಮಾಡಿದೆ. "ಈಗ ಬಣ್ಣ ಇಲ್ಲೆ. ನಂಬರ್ ಓದು" ಅಂದೆ. ಓದಿದ. 36. 83.

"ಸರಿ. ಇದು ಹೋಗೂಕೆ ಎಷ್ಟು ದಿನ ಇದ್ದು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಕ್ಯಾಮೆರಾ ತಾರೀಖು ಹೇಳುವುದಿಲ್ಲ. ಆ ಜಾಯಿಂಟು ಆ ರಾತ್ರಿಯೇ ಹೋಗಬಹುದಿತ್ತು, ಇನ್ನೆರಡು ಮಳೆಗಾಲ ತಡೆಯಬಹುದಿತ್ತು. ಗೊತ್ತಿಲ್ಲ ಅಂದೆ. "ಗೊತ್ತಿಲ್ಲೆ ಹೇಳಾದ್ರೆ ಮತ್ತೆಂತಕ್ಕೆ ಗಲಾಟೆ?" ಅಂದ.

ಆಗ ನಾನು ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದೆ. ಆ ಕಾರ್ಖಾನೆ, ಆ ಸಹಿ, ಆ ಕೈ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಯಿ ಒಳಗಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು ಅಂತ ಆಮೇಲೆ ತಿಳಿಯಿತು. ಅಣ್ಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬೋರ್ಡು ನೋಡಿದ, ಅಟ್ಟ ನೋಡಿದ. ನಮ್ಮ ಮನೆಯಲ್ಲಿ ಆ ರಾತ್ರಿ ಹದಿಮೂರು ಜನ ಮಲಗುವವರಿದ್ದರು.

"ಈಗ ಎಂತ ಮಾಡವು ಹೇಳು" ಅಂದ.

ಆ ಹೊತ್ತಿಗೆ ಪೂರ್ತಿ ರಿಪೇರಿ ಸಾಧ್ಯವಿರಲಿಲ್ಲ. ಹರಿಯುತ್ತಿರುವ ಲೈನಿನಲ್ಲಿ ಆ ಮುಚ್ಚಳ ತೆಗೆಯುವ ಧೈರ್ಯ ನಾನು ಮಾಡುವುದಿಲ್ಲ. ನೀವೂ ದಯವಿಟ್ಟು ಮಾಡಬೇಡಿ. ಮೇನ್ ಸ್ವಿಚ್ ಆಫ್ ಮಾಡಿದರೂ ಅದರ ಹಿಂದಿನ ಭಾಗದಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದರಲ್ಲೂ ಲೋಡ್ ಇರುವಾಗ ನ್ಯೂಟ್ರಲ್ ಬಿಚ್ಚಿದರೆ ಇನ್ನೊಂದು ಅಪಾಯ ಇದೆ. ಗೀಸರುಗಳು ಒಂದು ಫೇಸಿನ ಮೇಲೆ, ಫ್ರಿಜ್ಜು ಟಿವಿ ಇನ್ನೊಂದರ ಮೇಲೆ ಇದ್ದಾಗ ನ್ಯೂಟ್ರಲ್ ಕಡಿದುಹೋದರೆ, ಎರಡು ಫೇಸುಗಳ ನಡುವಿನ 400 ವೋಲ್ಟಿನಲ್ಲಿ ಬಹುಪಾಲು ಫ್ರಿಜ್ಜು ಟಿವಿಗಳ ತಲೆಯ ಮೇಲೆ ಬೀಳುತ್ತದೆ. "ವೋಲ್ಟೇಜ್ ಜಾಸ್ತಿ ಬಂದು ಟಿವಿ ಸುಟ್ಹೋಯ್ತು" ಅನ್ನುವ ಕತೆಗಳಲ್ಲಿ ಎಷ್ಟೋ ಈ ಜಾತಿಯವು.

ಮಾಡಬಹುದಾಗಿದ್ದದ್ದು ಲೋಡ್ ಇಳಿಸುವುದು. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಹೋಗುತ್ತದೆ ಅಂದೆನಲ್ಲ. ನಾಲ್ಕು ಗೀಸರ್ ಬದಲು ಒಂದೇ ಗೀಸರ್ ಉರಿದರೆ ಜಾಯಿಂಟಿನ ಶಾಖ ನಾಲ್ಕನೇ ಒಂದಲ್ಲ, ಹದಿನಾರನೇ ಒಂದು. ನಾವು ನಾಲ್ಕನ್ನೂ ಆಫ್ ಮಾಡಿದೆವು. ಆಯಿ ಮಾತಿಲ್ಲದೇ ಬಚ್ಚಲಿಗೆ ಹೋಗಿ ತಾಮ್ರದ ಹಂಡೆಯ ಒಲೆಗೆ ಬೆಂಕಿ ಹಾಕಿದಳು. ಬೆಂಗಳೂರಿನ ಅತಿಥಿಗಳು ಕೊಡಪಾನದಲ್ಲಿ ನೀರು ತೋಡಿಕೊಂಡು, ಹೊಗೆ ಕುಡಿದು, ಫೋಟೋ ಹೊಡೆದುಕೊಂಡು ಸ್ನಾನ ಮಾಡಿದರು. ಹಂಡೆ ನೀರಿನ ಸ್ನಾನಕ್ಕೆ ಫೋನಿನಲ್ಲಿ ಐದು ಸ್ಟಾರ್ ಬಂತು, ಅಣ್ಣ ಈಗ ಅದನ್ನು ಜಾಹೀರಾತಿನಲ್ಲಿ ಹಾಕಿದ್ದಾನೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ವೈರಿನ ಬುಡ 33ಕ್ಕೆ ಇಳಿದಿತ್ತು. ಆದರೂ ಅಟ್ಟದ ಗೋಣಿಚೀಲ, ಹಾಳೆ ಎಲ್ಲ ಇಳಿಸಿಯೇ ಮಲಗಿದ್ದು. ನಾನು ಮಲಗಲಿಲ್ಲ, ಗಂಟೆಗೊಮ್ಮೆ ಎದ್ದು ನೋಡಿದೆ. ಎರಡು ಸಲ ಅಣ್ಣನೂ ಅಲ್ಲೇ ನಿಂತಿದ್ದ.

ಮೂರನೇ ದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದ. ಲೈನ್‌ಮನ್ನಿಗೆ ಹೇಳಿ ಕಂಬದಲ್ಲೇ ಸಪ್ಲೈ ತೆಗೆಸಿ, ಇಲ್ಲ ಅಂತ ಖಾತ್ರಿ ಮಾಡಿಕೊಂಡು ಪಿಂಗಾಣಿ ಮುಚ್ಚಳ ಬಿಚ್ಚಿದ. ವೈರಿನ ಹೊದಿಕೆ ಒಂದಿಂಚು ಕರಿಕಲಾಗಿ ಮುಟ್ಟಿದರೆ ಉದುರುತ್ತಿತ್ತು. ಅಲ್ಯೂಮಿನಿಯಂ ಎಳೆಗಳ ಮೇಲೆ ಬಿಳಿ ಪುಡಿ. ಎರಡು ಸ್ಕ್ರೂಗಳಲ್ಲಿ ಒಂದು ಬೆರಳಲ್ಲೇ ತಿರುಗಿತು. ಒಳಗೆ ಸತ್ತ ಇರುವೆಗಳು, ಒಂದು ಹಿಡಿ. ಹಿಂದಿನ ಸಾಗವಾನಿ ಹಲಗೆಯಲ್ಲಿ ರೂಪಾಯಿ ನಾಣ್ಯದಷ್ಟು ಕಪ್ಪು ಮಚ್ಚೆ.

ಅಪ್ಪನ ಹಲಗೆ ತೆಗೆಯಲು ಅಣ್ಣನಿಗೆ ಮನಸ್ಸಿರಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಇರಲಿಲ್ಲ. ಆ ಮಚ್ಚೆ ನೋಡಿದ ಮೇಲೆ ತೆಗೆದೆವು. ಈಗ ಅಲ್ಲಿ ಕಬ್ಬಿಣದ ಡಿಸ್ಟ್ರಿಬ್ಯೂಶನ್ ಬಾಕ್ಸ್, ತಾಮ್ರದ ವೈರು, ಒತ್ತಿ ಕೂರಿಸಿದ ಲಗ್ಗು, ಗೀಸರುಗಳು ಮೂರೂ ಫೇಸಿಗೆ ಹಂಚಿಕೆ. ನಾಲ್ಕೂ ಗೀಸರ್ ಹಾಕಿಸಿ ಮತ್ತೆ ನೋಡಿದೆ: ನ್ಯೂಟ್ರಲ್ 29 ಡಿಗ್ರಿ. ಹಲಗೆಗೆ ಕೊಕ್ಕೆ ಹೊಡೆದು ಹೋಮ್‌ಸ್ಟೇಯ ಕೀಲಿಕೈ ತೂಗುಹಾಕಿದ್ದಾನೆ, ಮಚ್ಚೆ ಹಿಂದಿನ ಬದಿಗೆ ಬರುವ ಹಾಗೆ.

ಇದನ್ನು ಓದುತ್ತಿರುವ ನೀವು ಬಾಡಿಗೆ ಫ್ಲ್ಯಾಟಿನಲ್ಲಿರಬಹುದು, ಕ್ಯಾಮೆರಾ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಮೂಗು ಸಾಕು. ಸ್ವಿಚ್ ಬೋರ್ಡಿನ ಹತ್ತಿರ ಮೀನು ಸುಟ್ಟಂಥ, ಪ್ಲಾಸ್ಟಿಕ್ ಕಮರಿದಂಥ ವಾಸನೆ ಬಂದರೆ ಊದಿನಕಡ್ಡಿ ಹಚ್ಚಿ ಸುಮ್ಮನಾಗಬೇಡಿ. ಗೀಸರಿನ ಸ್ವಿಚ್ಚಿನ ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿದ್ದರೆ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತಾಗ ಕೈಗೆ ಬಿಸಿ ತಾಗಿದರೆ, ಗೀಸರ್ ಹಾಕಿದ ಕೂಡಲೇ ಎಲ್ಲ ದೀಪ ಪಟಪಟ ಅಂದರೆ, ಆ ಸ್ವಿಚ್ ಬಳಸುವುದು ನಿಲ್ಲಿಸಿ ತಿಳಿದವರನ್ನು ಕರೆಸಿ. ಎಲೆಕ್ಟ್ರಿಕ್ ಸ್ಕೂಟರನ್ನು ರಾತ್ರಿಯಿಡೀ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಚಾರ್ಜ್ ಹಾಕುವವರ ಬಗ್ಗೆ ನನಗೆ ಹೇಳಲಿಕ್ಕೆ ಬಹಳ ಇದೆ, ಇನ್ನೊಮ್ಮೆ.

ಅಣ್ಣನ ಜೊತೆ ಜಗಳ ಮುಗಿದಿಲ್ಲ. ಸಾಲದ ಕಂತು ತುಂಬುವಾಗೆಲ್ಲ, ಹೊಸ ಬೋರ್ಡಿಗೆ ಆದ ಖರ್ಚು ನೆನಪಾಗಿ, "ಹಂಗೇ ಇದ್ದಿದ್ರೂ ಎಂತೂ ಆಗ್ತಿತ್ತಿಲ್ಲೆ" ಅನ್ನುತ್ತಾನೆ. ಇರಬಹುದು. ಆಗದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ? ನಮ್ಮ ಕೆಲಸದಲ್ಲಿ ಇದೊಂದು ಕಷ್ಟ. ಸುಟ್ಟರೆ ಎಲ್ಲರಿಗೂ ಕಾಣುತ್ತದೆ, ಸುಡದಿದ್ದರೆ ಬಿಲ್ ಮಾತ್ರ ಕಾಣುತ್ತದೆ.

ಆ ಚೌತಿ ಮುಗಿಸಿ ಬೆಂಗಳೂರಿಗೆ ಬಂದವಳು ಆಫೀಸಿನಲ್ಲಿ ಒಂದು ಹಟ ಹಿಡಿದೆ. ಈಗ ನಮ್ಮ ವರದಿಯಲ್ಲಿ ಹೊಸ ಕಾಲಂ ಇದೆ. ನಾವು ‘ತಕ್ಷಣ’ ಅಂತ ಬರೆದದ್ದನ್ನು ಮುಂದೂಡುವುದಾದರೆ, ಯಾಕೆ, ಎಲ್ಲಿಯವರೆಗೆ ಅಂತ ಕ್ಲೈಂಟೇ ಅವರ ಕೈಯಾರೆ ಬರೆದು ಸಹಿ ಹಾಕಬೇಕು. ನನ್ನ ಶಬ್ದ ನಾನು ಬದಲಿಸುವುದಿಲ್ಲ. ಎರಡು ಕ್ಲೈಂಟು ಕೈಬಿಟ್ಟು ಹೋದರು. ಸೀನಿಯರ್ ಮುಖ ಇನ್ನೂ ಗಂಟು. ಆದರೆ ಪೆನ್ನು ಕೈಗೆ ಬಂದ ಮೇಲೆ ಬಹಳ ಜನ ಮುಂದೂಡದೇ ಶಟ್‌ಡೌನ್ ಕೊಟ್ಟಿದ್ದಾರೆ.

ಈ ವರ್ಷ ಬೇಸಿಗೆಯಲ್ಲಿ ಆ ಕಾರ್ಖಾನೆಗೆ ಮತ್ತೆ ಹೋಗಬೇಕಾಗಿ ಬಂತು. ಬೇರೆಯವರನ್ನು ಕಳಿಸಿ ಅಂತ ಹೇಳಬಹುದಿತ್ತು, ಹೇಳಲಿಲ್ಲ. ಪ್ಯಾನೆಲ್ ರೂಮಿನಲ್ಲಿ ಬಾಗಿಲು ತೆಗೆದುಕೊಡಲು ಬಂದವರು ಅವರೇ. ಈಗ ಮುಖದ ಮುಂದೆ ಗಾಜಿನ ಕವಚ, ಮೊಣಕೈವರೆಗೆ ದಪ್ಪ ಕೈಗವಸು. ಗುರುತು ಸಿಕ್ಕಿತೋ ಇಲ್ಲವೋ ಅಂದುಕೊಳ್ಳುತ್ತಿದ್ದೆ. ನಾನು ಏನಾದರೂ ಹೇಳಬೇಕು ಅಂತ ಬಾಯಿ ತೆರೆಯುವಷ್ಟರಲ್ಲಿ ಅವರು ಬಾಗಿಲಿನ ಪಕ್ಕಕ್ಕೆ ಸರಿದು ನಿಂತು, ನನಗೂ ಹಿಂದೆ ಸರಿಯಲು ಸನ್ನೆ ಮಾಡಿ, ಚಿಲಕ ತಿರುಗಿಸಿದರು.

"ಬಿ ಫೇಸ್ ಮೊದಲ ನೋಡ್ರಿ ಮೇಡಂ" ಅಂದರು.

ನೋಡಿದೆ. 51 ಡಿಗ್ರಿ. ಉಳಿದ ಎರಡೂ ಅಷ್ಟೇ.